ಬಂದೂಕಿನ ಕಾಲದಲ್ಲಿ ಕ್ಯಾಮೆರಾ ಹಿಡಿದ ಫಾರೆಸ್ಟ್ ಸಾಹೇಬ: ಪ್ರಾಣಿಗಳ ದಾರಿಗೆ ತಂತಿ ಕಟ್ಟಿದ ಎಫ್.ಡಬ್ಲ್ಯು. ಚಾಂಪಿಯನ್

ದೇಶನೂರು: ಮರಕ್ಕೆ ಬೆಲ್ಟ್ ಬಿಗಿದು ನಿಲ್ಲಿಸಿದರೆ ಸಾಕು, ಎದುರಿಗೆ ಹಾದುಹೋಗುವ ಪ್ರಾಣಿಯ ಫೋಟೊವನ್ನು ತಾನೇ ತೆಗೆದುಕೊಳ್ಳುವ ಕ್ಯಾಮೆರಾ ಈಗ ಆನ್‌ಲೈನ್‌ನಲ್ಲಿ ಯಾರಿಗೆ ಬೇಕಾದರೂ ಸಿಗುತ್ತದೆ. ಸಿಮ್ ಹಾಕುವ ಮಾಡೆಲ್ ಆದರೆ ಫೋಟೊ ನೇರವಾಗಿ ಮೊಬೈಲಿಗೇ ಬರುತ್ತದೆ. ಯಾವ ಪ್ರಾಣಿ, ಯಾವ ತಾರೀಕು, ಎಷ್ಟು ಗಂಟೆಗೆ ಬಂತು ಅನ್ನೋದೆಲ್ಲ ಫೋಟೊದ ಮೇಲೇ ಅಚ್ಚಾಗಿರುತ್ತದೆ. ಅಮೆರಿಕದಲ್ಲಿ ಲೈಸೆನ್ಸ್ ಪಡೆದು ಜಿಂಕೆ ಬೇಟೆ ಆಡುವವರು ಇದನ್ನು ತಿಂಗಳುಗಟ್ಟಲೆ ಮೊದಲೇ ಕಾಡಿನಲ್ಲಿ ಕಟ್ಟಿ, ಯಾವ ಗಂಡು ಜಿಂಕೆ ಯಾವ ಹೊತ್ತಿಗೆ ಎಲ್ಲಿ ನೀರಿಗೆ ಇಳಿಯುತ್ತದೆ ಅಂತ ನೋಡಿಕೊಳ್ಳುತ್ತಾರೆ. ಇದು ಬೇಟೆಯೋ ಮೋಸವೋ ಅನ್ನುವ ಜಗಳ ಅಲ್ಲಿ ಜೋರಾಗಿದೆ.

ನಮ್ಮ ದೇಶದ ಕಾಡಿಗೆ ಈ ತರಹದ ಕ್ಯಾಮೆರಾ ತಂದ ಮೊದಲಿಗರಲ್ಲಿ ದೊಡ್ಡ ಹೆಸರು ಫ್ರೆಡರಿಕ್ ವಾಲ್ಟರ್ ಚಾಂಪಿಯನ್ ಅವರದು. ಸುಮಾರು 100 ವರ್ಷದ ಹಿಂದೆ, ಬಂದೂಕು ಹಿಡಿಯದ ಸಾಹೇಬನೇ ಇಲ್ಲ ಅನ್ನುವ ಕಾಲದಲ್ಲಿ ಅವರು ಕ್ಯಾಮೆರಾ ಹಿಡಿದರು. ಅವರು ಸತ್ತು ಅರ್ಧ ಶತಮಾನ ದಾಟಿದೆ. ಆದರೂ ಇವತ್ತಿನ ಜಗಳ ಬಿಡಿಸೋದಕ್ಕೆ ಅವರ ಬದುಕನ್ನು ಒಮ್ಮೆ ನೋಡುವುದು ಒಳ್ಳೆಯದು. ಚಿಗರಿ ಓಡಾಡುವ ಎರೆ ಹೊಲದ ಸೀಮೆಯವರಿಗಂತೂ ಇದು ದೂರದ ಮಾತಲ್ಲ.

ಹುಳ ಹುಪ್ಪಟೆ ಪಂಡಿತನ ಮಗ

ಚಾಂಪಿಯನ್ ಹುಟ್ಟಿದ್ದು 1893ರ ಆಗಸ್ಟ್ 24ರಂದು, ಇಂಗ್ಲೆಂಡಿನ ಸರ್‍ರೆ ಪ್ರಾಂತ್ಯದಲ್ಲಿ. ತಂದೆ ಜಾರ್ಜ್ ಚಾರ್ಲ್ಸ್ ಚಾಂಪಿಯನ್ ಕೀಟಶಾಸ್ತ್ರದಲ್ಲಿ ಹೆಸರು ಮಾಡಿದವರು. ಮಧ್ಯ ಅಮೆರಿಕದ ಕಾಡುಗಳಲ್ಲಿ ಅಲೆದು ದುಂಬಿ, ಜೀರುಂಡೆಗಳನ್ನು ಸಂಗ್ರಹಿಸಿದ್ದವರು. ಅಣ್ಣ ಹ್ಯಾರಿ ಜಾರ್ಜ್ ಚಾಂಪಿಯನ್ ಭಾರತದಲ್ಲಿ ಅರಣ್ಯಾಧಿಕಾರಿಯಾಗಿದ್ದು, 1936ರಲ್ಲಿ ಭಾರತ ಮತ್ತು ಬರ್ಮಾದ ಕಾಡುಗಳನ್ನು ಬಗೆ ಬಗೆಯಾಗಿ ವಿಂಗಡಿಸಿ ಬರೆದರು. ಫಾರೆಸ್ಟ್ ಪರೀಕ್ಷೆಗೆ ಓದುವ ಹುಡುಗರಿಗೆ ಚಾಂಪಿಯನ್ ಅನ್ನುವ ಹೆಸರು ಗೊತ್ತಿರುವುದು ಈ ಅಣ್ಣನಿಂದ.

ಮನೆಯಲ್ಲಿ ಅಪ್ಪ ಹುಳ ನೋಡುವವರು, ಅಣ್ಣ ಗಿಡಮರ ನೋಡುವವರು. ಹಾಗಾಗಿ ತಮ್ಮನಿಗೂ ಪ್ರಾಣಿಗಳನ್ನು ನಿಂತು ನೋಡುವ ಚಾಳಿ ಚಿಕ್ಕಂದಿನಿಂದಲೇ ಬಂದಿತ್ತು.

1913ರಲ್ಲಿ, 20ರ ಆಸುಪಾಸಿನ ವಯಸ್ಸಿನಲ್ಲಿ, ಅವರು ಭಾರತಕ್ಕೆ ಬಂದರು. ಮೊದಲ ಕೆಲಸ ಪೂರ್ವ ಬಂಗಾಳದ ಪೊಲೀಸ್ ಇಲಾಖೆಯಲ್ಲಿ. ಮೂರು ವರ್ಷದ ನಂತರ ಮೊದಲ ಮಹಾಯುದ್ಧದ ಹೊತ್ತಿಗೆ ಸೈನ್ಯ ಸೇರಿ ವಾಯವ್ಯ ಗಡಿಯ ಕಡೆ ಹೋದರು. ಯುದ್ಧ ಮುಗಿದ ಮೇಲೆ ಪೊಲೀಸ್ ಕೆಲಸಕ್ಕೆ ವಾಪಸಾಗದೆ ಇಂಪೀರಿಯಲ್ ಫಾರೆಸ್ಟ್ ಸರ್ವೀಸ್‌ಗೆ ಸೇರಿದರು. ಸಿಕ್ಕಿದ್ದು ಸಂಯುಕ್ತ ಪ್ರಾಂತ್ಯ, ಅಂದರೆ ಈಗಿನ ಉತ್ತರ ಪ್ರದೇಶ ಮತ್ತು ಉತ್ತರಾಖಂಡ. ಹಿಮಾಲಯದ ಬುಡದ ಶಿವಾಲಿಕ್ ಬೆಟ್ಟ, ಕುಮಾವೂನ್, ತರಾಯಿ ಕಾಡು ಅವರ ಓಡಾಟದ ಜಾಗವಾಯಿತು. ಮುಂದೆ ಡೆಪ್ಯುಟಿ ಕನ್ಸರ್ವೇಟರ್ ಹುದ್ದೆಯವರೆಗೆ ಬಂದರು.

ಎಲ್ಲರ ಕೈಯಲ್ಲೂ ಬಂದೂಕು

ಆ ಕಾಲದ ಗಾಳಿ ಹೇಗಿತ್ತು ಅನ್ನೋದು ನೆನಪಿಸಿಕೊಳ್ಳಬೇಕು. ಹುಲಿ ಹೊಡೆಯೋದು ದೊಡ್ಡಸ್ತಿಕೆ. ವೈಸರಾಯ್ ಬಂದರೂ ಬೇಟೆ, ರಾಜರ ಮನೆ ಮದುವೆಗೂ ಬೇಟೆ. ಕಾಡನ್ನು ಬ್ಲಾಕ್ ಬ್ಲಾಕ್ ಆಗಿ ಹಂಚಿ ಬೇಟೆಗೆ ಪರ್ಮಿಟ್ ಕೊಡುವ ಕೆಲಸ ಫಾರೆಸ್ಟ್ ಇಲಾಖೆಯದೇ. ಕೆಲವು ಪ್ರಾಣಿ ಕೊಂದರೆ ಸರ್ಕಾರವೇ ಬಹುಮಾನ ಕೊಡುತ್ತಿತ್ತು. ದಕ್ಷಿಣದಲ್ಲೂ ಬೇರೆ ಏನಿರಲಿಲ್ಲ. ಸಂಸ್ಥಾನಿಕರು ಸಾಕಿದ ಚೀತಾ ಬಿಟ್ಟು ಕೃಷ್ಣಮೃಗ ಹಿಡಿಸುವುದು ಒಂದು ಮೋಜಿನ ಆಟವಾಗಿತ್ತು. ಮುಂದೆ ದೇಶದಲ್ಲಿ ಚೀತಾವೇ ಇಲ್ಲದಂತಾಯಿತು.

ಇಂಥ ಇಲಾಖೆಯಲ್ಲಿ ಇದ್ದುಕೊಂಡು ಚಾಂಪಿಯನ್‌ಗೆ ಮೋಜಿಗಾಗಿ ಕೊಲ್ಲುವುದು ಸೇರುತ್ತಿರಲಿಲ್ಲ. ಹಾಗಂತ ಬೇಟೆಗಾರನ ವಿದ್ಯೆಯನ್ನು ಅವರು ಬಿಡಲಿಲ್ಲ. ಹೆಜ್ಜೆ ನೋಡಿ ಪ್ರಾಣಿ ಯಾವುದು, ಎಷ್ಟು ಹೊತ್ತಿನ ಹಿಂದೆ ಹೋಗಿದೆ ಅಂತ ಗುರುತಿಸೋದು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ನೋಡೋದು, ನೀರಿನ ಜಾಗ ಮತ್ತು ಹಳ್ಳದ ದಾರಿ ನೆನಪಿಟ್ಟುಕೊಳ್ಳೋದು, ಇದೆಲ್ಲ ಅವರಿಗೆ ಬೇಟೆಗಾರನಷ್ಟೇ ಬೇಕಿತ್ತು. ಹಗಲಿನಲ್ಲಿ ಆನೆ ಮೇಲೆ ಕೂತು ಹೋಗಿ ಫೋಟೊ ತೆಗೆದರು. ಆದರೆ ಹುಲಿ, ಚಿರತೆಗಳ ಓಡಾಟ ಬಹಳಮಟ್ಟಿಗೆ ರಾತ್ರಿ. ಅವುಗಳ ಚಿತ್ರ ಬೇಕಾದರೆ ಮನುಷ್ಯ ಇಲ್ಲದ ಕಡೆ ಕ್ಯಾಮೆರಾ ಒಂದೇ ಕೂರಬೇಕಿತ್ತು.

ತಂತಿ, ಬೆಳಕಿನ ಪುಡಿ, ಒಂದೇ ಚಿತ್ರ

ಅವರು ಮಾಡಿದ ಉಪಾಯ ಹೀಗೆ. ಪ್ರಾಣಿ ದಿನಾ ಹಾಯುವ ಕಾಲುದಾರಿಗೆ ಅಡ್ಡಲಾಗಿ ಸಣ್ಣ ತಂತಿ. ತಂತಿಗೆ ಕಾಲು ತಾಗಿದ ಕೂಡಲೇ ಬೆಳಕಿನ ಪುಡಿ ಭಗ್ಗನೆ ಉರಿಯುತ್ತದೆ, ಅದೇ ಕ್ಷಣ ಕ್ಯಾಮೆರಾ ಕಣ್ಣು ತೆರೆದು ಮುಚ್ಚುತ್ತದೆ. ಫೋಟೊ ತೆಗೆಯೋದು ಹುಲಿಯೇ. ಸಾಹೇಬ ಅಷ್ಟು ಹೊತ್ತಿಗೆ ತಮ್ಮ ಡೇರೆಯಲ್ಲಿ ಇರುತ್ತಿದ್ದರು.

ಕೇಳೋದಕ್ಕೆ ಸುಲಭ. ಮಾಡೋದು ಕಷ್ಟ. ಒಂದು ರಾತ್ರಿಗೆ ಒಂದೇ ಚಿತ್ರ. ತಂತಿಗೆ ಹುಲಿ ಯಾವುದು, ಮುಳ್ಳುಹಂದಿ ಯಾವುದು ಅನ್ನೋದು ಗೊತ್ತಾಗೋದಿಲ್ಲ. ಯಾವ ಪ್ರಾಣಿ ಮೊದಲು ಎಡವಿದರೂ ಅವತ್ತಿನ ಲೆಕ್ಕ ಮುಗಿಯಿತು. ಇಬ್ಬನಿ ಬಿದ್ದರೆ ಪುಡಿ ಹಸಿ, ಮಳೆ ಬಂದರೆ ಎಲ್ಲವೂ ಹಾಳು. ಮೊಬೈಲಿನಲ್ಲಿ ಕೂತಲ್ಲೇ ನೋಡುವ ಹಾಗಿರಲಿಲ್ಲ. ಬೆಳಿಗ್ಗೆ ಹೋಗಿ ತಂದು, ಕತ್ತಲು ಕೋಣೆಯಲ್ಲಿ ತೊಳೆದ ಮೇಲೇ ಸಿಕ್ಕಿದ್ದೇನು ಅನ್ನೋದು ತಿಳಿಯಬೇಕು. ವರ್ಷಗಟ್ಟಲೆ ಹೀಗೆ ಕಾದು ಅವರು ಹುಲಿ, ಚಿರತೆ, ಕರಡಿ ಮುಂತಾದ ಪ್ರಾಣಿಗಳ ಚಿತ್ರ ಕೂಡಿಸಿದರು.

ಉಪಾಯದ ಬೇರು ಜಿಂಕೆ ಬೇಟೆಯಲ್ಲಿ

ಪ್ರಾಣಿ ತಾನೇ ತನ್ನ ಫೋಟೊ ತೆಗೆದುಕೊಳ್ಳುವ ಈ ಉಪಾಯ ಹುಟ್ಟಿದ್ದೇ ಜಿಂಕೆ ಬೇಟೆಗಾರನೊಬ್ಬನ ಕೈಯಲ್ಲಿ. ಚಾಂಪಿಯನ್‌ಗಿಂತ ಮೊದಲು, 1890ರ ದಶಕದಲ್ಲಿ, ಅಮೆರಿಕದ ಜಾರ್ಜ್ ಶೈರಸ್ ಎಂಬ ವಕೀಲರು ಇದನ್ನು ಶುರು ಮಾಡಿದ್ದರು. ಮಿಶಿಗನ್ ರಾಜ್ಯದ ಕೆರೆ ದಂಡೆಯಲ್ಲಿ ಅವರು ಹುಡುಗನಾಗಿದ್ದಾಗಿನಿಂದ ಜಿಂಕೆ ಹೊಡೆಯುತ್ತಿದ್ದವರು. ಅಲ್ಲಿನ ಮೂಲನಿವಾಸಿಗಳ ಪದ್ಧತಿ ಒಂದಿತ್ತು. ರಾತ್ರಿ ದೋಣಿಯ ಮುಂದೆ ಬೆಳಕು ಹಚ್ಚಿಕೊಂಡು ಸದ್ದಿಲ್ಲದೆ ಹೋಗೋದು. ನೀರಿಗೆ ಬಂದ ಜಿಂಕೆ ಬೆಳಕಿಗೆ ಬೆಪ್ಪಾಗಿ ನಿಂತುಬಿಡುತ್ತದೆ. ಹೊಳೆಯುವ ಎರಡು ಕಣ್ಣಿನ ನಡುವೆ ಗುರಿ. ನಮ್ಮ ಕಡೆ ಬ್ಯಾಟರಿ ಬಿಟ್ಟು ಮೊಲ ಹೊಡೆಯುವುದು ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಶೈರಸ್ ಅದೇ ದೋಣಿ, ಅದೇ ಬೆಳಕು ಇಟ್ಟುಕೊಂಡರು. ಬಂದೂಕು ಇದ್ದ ಕಡೆ ಕ್ಯಾಮೆರಾ ಇಟ್ಟರು. ಮುಂದೆ ದಡದ ಮೇಲೆ ದಾರ ಕಟ್ಟಿ ಜಿಂಕೆಯೇ ಎಳೆಯುವ ಹಾಗೆ ಮಾಡಿದರು. 1906ರ ಜುಲೈ ತಿಂಗಳ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಅವರ 74 ಫೋಟೊಗಳನ್ನು ಒಟ್ಟಿಗೆ ಅಚ್ಚು ಹಾಕಿತು. ಬೇಟೆ ಬಿಟ್ಟ ಅವರು ಸಂಸತ್ ಸದಸ್ಯರೂ ಆಗಿ, ವಲಸೆ ಹಕ್ಕಿಗಳನ್ನು ಉಳಿಸುವ ಕಾನೂನಿಗೆ ಮೊದಲ ಮಸೂದೆ ತಂದರು. ಒಟ್ಟಿನಲ್ಲಿ ಇಂದಿನ ಕ್ಯಾಮೆರಾದ ಮುತ್ತಜ್ಜ ಹುಟ್ಟಿದ್ದು ಬಂದೂಕನ್ನು ಬದಿಗಿಡೋದಕ್ಕೆ. ಅದೇ ಸಾಧನ 100 ವರ್ಷದ ಮೇಲೆ ಬಂದೂಕಿಗೆ ದಾರಿ ತೋರಿಸುವ ಕೆಲಸಕ್ಕೆ ನಿಂತಿದೆ.

ಲಂಡನ್ ಪತ್ರಿಕೆಯ ಮುಖಪುಟ

1925ರ ಅಕ್ಟೋಬರ್ 3ರಂದು ಲಂಡನ್ನಿನ ಇಲಸ್ಟ್ರೇಟೆಡ್ ಲಂಡನ್ ನ್ಯೂಸ್ ಪತ್ರಿಕೆ ಚಾಂಪಿಯನ್ ತೆಗೆದ ಕಾಡುಹುಲಿಯ ಚಿತ್ರವನ್ನು ಮುಖಪುಟದಲ್ಲಿ ಹಾಕಿತು. ಅಲ್ಲಿಯವರೆಗೆ ಹುಲಿ ಅಂದರೆ ಸರ್ಕಸ್ಸಿನ ಪಂಜರದಲ್ಲಿ ಕೂತದ್ದು, ಇಲ್ಲವೇ ಸತ್ತು ಬಿದ್ದು ಸಾಹೇಬನ ಬೂಟಿನ ಕೆಳಗೆ ಇದ್ದದ್ದು. ತನ್ನ ಪಾಡಿಗೆ ರಾತ್ರಿ ನಡೆದು ಹೋಗುತ್ತಿರುವ ಹುಲಿಯನ್ನು ಜನ ಕಂಡಿರಲಿಲ್ಲ.

1927ರಲ್ಲಿ ಅವರ ಮೊದಲ ಪುಸ್ತಕ ‘ವಿತ್ ಎ ಕ್ಯಾಮೆರಾ ಇನ್ ಟೈಗರ್‌ಲ್ಯಾಂಡ್’ ಬಂತು. 1934ರಲ್ಲಿ ಎರಡನೆಯದು, ‘ದಿ ಜಂಗಲ್ ಇನ್ ಸನ್‌ಲೈಟ್ ಅಂಡ್ ಶ್ಯಾಡೊ’. ಚಿತ್ರಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡುವಾಗ ಅವರಿಗೆ ಇನ್ನೊಂದು ಗೊತ್ತಾಯಿತು. ಒಂದು ಹುಲಿಯ ಪಟ್ಟೆ ಇನ್ನೊಂದರ ಹಾಗೆ ಇರುವುದಿಲ್ಲ. ಮನುಷ್ಯನ ಹೆಬ್ಬೆರಳ ಗುರುತಿನ ಹಾಗೆ ಪಟ್ಟೆ ನೋಡಿಯೇ ಇದು ಇಂಥದೇ ಹುಲಿ ಅಂತ ಹೇಳಬಹುದು. ಈ ಮಾತಿನ ಬೆಲೆ ತಿಳಿಯೋದಕ್ಕೆ ಇನ್ನೂ 60 ವರ್ಷ ಬೇಕಾಯಿತು.

ಕಾರ್ಬೆಟ್ ಕೈಗೂ ಕ್ಯಾಮೆರಾ

ನರಭಕ್ಷಕ ಹುಲಿಗಳ ಕಥೆಯಿಂದ ಕನ್ನಡದ ಮನೆಮನೆಗೂ ಗೊತ್ತಿರುವ ಜಿಮ್ ಕಾರ್ಬೆಟ್, ಚಾಂಪಿಯನ್ ಅವರ ಗೆಳೆಯರು. ಕಾರ್ಬೆಟ್ ಗುರಿಕಾರರಲ್ಲಿ ಗುರಿಕಾರ. ಅಂಥವರು ಚಾಂಪಿಯನ್ ತೆಗೆದ ಚಿತ್ರಗಳನ್ನು ನೋಡಿ ಕ್ಯಾಮೆರಾದ ಕಡೆ ತಿರುಗಿದರು. ಊರಿನ ಜನರ ಪ್ರಾಣಕ್ಕೆ ಬಂದ ನರಭಕ್ಷಕ ಇದ್ದಾಗ ಮಾತ್ರ ಬಂದೂಕು, ಉಳಿದಂತೆ ಸಿನಿಮಾ ಕ್ಯಾಮೆರಾ ಅನ್ನುವ ಹಂತಕ್ಕೆ ಬಂದರು. 1936ರಲ್ಲಿ ಅದೇ ಸೀಮೆಯಲ್ಲಿ ಹೈಲಿ ರಾಷ್ಟ್ರೀಯ ಉದ್ಯಾನ ಆಯಿತು. ಭಾರತದ ಮೊದಲ ರಾಷ್ಟ್ರೀಯ ಉದ್ಯಾನ ಅದು. ಅದರ ಹಿಂದೆ ಇಬ್ಬರ ಶ್ರಮವೂ ಇತ್ತು. ಈಗ ಅದರ ಹೆಸರು ಕಾರ್ಬೆಟ್ ಉದ್ಯಾನ. ಚಾಂಪಿಯನ್ ಹೆಸರು ಹಿಂದೆ ಸರಿಯಿತು.

ಅವರು ಎಲ್ಲಿ ಗೆರೆ ಎಳೆದರು?

ಚಾಂಪಿಯನ್ ಬೇಟೆಯನ್ನೇ ಒಂದೇ ದಿನಕ್ಕೆ ನಿಲ್ಲಿಸುವ ಅಧಿಕಾರ ಇದ್ದವರಲ್ಲ. ತಮ್ಮ ಮಿತಿಯೊಳಗೆ ಅವರು ಒತ್ತಿ ಕೇಳಿದ್ದು ಮೂರು. ಬಂದೂಕಿನ ಲೈಸೆನ್ಸ್ ಕಡಿಮೆ ಮಾಡಬೇಕು. ಮೀಸಲು ಅರಣ್ಯದೊಳಗೆ ಮೋಟಾರು ಗಾಡಿ ಬಿಡಬಾರದು. ಪ್ರಾಣಿ ಕೊಂದವರಿಗೆ ಸರ್ಕಾರ ಕೊಡುವ ಬಹುಮಾನ ಇಳಿಸಬೇಕು.

ಈ ಮೂರರಲ್ಲಿ ಎರಡನೆಯದನ್ನು ಗಮನಿಸಬೇಕು. ಮೋಟಾರು ಗಾಡಿ ತಾನಾಗಿ ಯಾವ ಪ್ರಾಣಿಯನ್ನೂ ಕೊಲ್ಲುವುದಿಲ್ಲ. ಆದರೆ ನಡೆದು ಹೋಗುವ ಬೇಟೆಗಾರ ಒಂದು ದಿನಕ್ಕೆ ಒಂದು ಹಳ್ಳ ನೋಡಿದರೆ, ಗಾಡಿ ಇದ್ದವನು ಹತ್ತು ಹಳ್ಳ ನೋಡುತ್ತಾನೆ. ಪ್ರಾಣಿಗೆ ಅಡಗೋದಕ್ಕೆ ಜಾಗ ಉಳಿಯುವುದಿಲ್ಲ. ಹುಡುಕುವ ಶ್ರಮ ಕಡಿಮೆಯಾದಷ್ಟೂ ಸಾಯುವ ಪ್ರಾಣಿ ಹೆಚ್ಚು ಅನ್ನುವ ಲೆಕ್ಕ ಅದರಲ್ಲಿದೆ. ಸಿಮ್ ಹಾಕಿದ ಕ್ಯಾಮೆರಾಗಳ ಕಾಲವನ್ನು ಚಾಂಪಿಯನ್ ಕಾಣಲಿಲ್ಲ. ಕಂಡಿದ್ದರೂ ಈ ಲೆಕ್ಕ ಬದಲಾಗುವ ಹಾಗಿಲ್ಲ. ಮೋಟಾರು ಗಾಡಿಗಿಂತ ಕ್ಯಾಮೆರಾ ಒಂದು ಹೆಜ್ಜೆ ಮುಂದೆ. ಬೇಟೆಗಾರ ಮನೆಯಲ್ಲಿ ಮಲಗಿದ್ದಾಗಲೂ ಅದು ಹುಡುಕುತ್ತಲೇ ಇರುತ್ತದೆ.

1947ರಲ್ಲಿ ದೇಶ ಸ್ವತಂತ್ರವಾದಾಗ ಚಾಂಪಿಯನ್ ಭಾರತ ಬಿಟ್ಟು ಪೂರ್ವ ಆಫ್ರಿಕಾದ ತಾಂಗನಿಕಾಗೆ ಹೋಗಿ ಅಲ್ಲಿಯೂ ಅರಣ್ಯ ಇಲಾಖೆಯಲ್ಲೇ ದುಡಿದರು. ಕಾರ್ಬೆಟ್ ಕೂಡ ಅದೇ ವರ್ಷ ಕೀನ್ಯಾಗೆ ಹೋದರು, 1955ರಲ್ಲಿ ಅಲ್ಲೇ ತೀರಿಕೊಂಡರು. ಚಾಂಪಿಯನ್ ಕೊನೆಗಾಲ ಸ್ಕಾಟ್ಲೆಂಡಿನಲ್ಲಿ ಕಳೆದು 1970ರಲ್ಲಿ ಕಣ್ಣು ಮುಚ್ಚಿದರು. ಅವರು ಹೋದ ಎರಡು ವರ್ಷಕ್ಕೆ ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಪರ್ಮಿಟ್ ಬೇಟೆಯ ಕಾಲ ಮುಗಿಯುತ್ತಾ ಬಂತು.

ನಾಗರಹೊಳೆಯಲ್ಲಿ ಮತ್ತೆ ಜೀವ

ಚಾಂಪಿಯನ್ ಕಂಡಿದ್ದ ಪಟ್ಟೆಯ ಗುಟ್ಟು ನಿಜವಾಗಿ ಕೆಲಸಕ್ಕೆ ಬಂದಿದ್ದು ಕರ್ನಾಟಕದಲ್ಲಿ. 1990ರ ದಶಕದ ಆರಂಭದಲ್ಲಿ ನಾಗರಹೊಳೆಯಲ್ಲಿ ವಿಜ್ಞಾನಿ ಉಲ್ಲಾಸ ಕಾರಂತರು ಕ್ಯಾಮೆರಾ ಟ್ರ್ಯಾಪ್ ಇಟ್ಟು, ಪಟ್ಟೆಯಿಂದ ಒಂದೊಂದು ಹುಲಿಯನ್ನೂ ಗುರುತಿಸಿ, ಎಷ್ಟು ಹುಲಿ ಇವೆ ಅಂತ ಲೆಕ್ಕ ಹಾಕುವ ವಿಧಾನ ತಂದರು. ಅದಕ್ಕೂ ಮೊದಲು ಹೆಜ್ಜೆ ಗುರುತು ನೋಡಿ ಎಣಿಸುತ್ತಿದ್ದರು. ಅದರಲ್ಲಿ ತಪ್ಪು ಜಾಸ್ತಿ. ಈಗ ದೇಶದ ಹುಲಿ ಗಣತಿಗೆ ಕ್ಯಾಮೆರಾವೇ ಆಧಾರ. 2018ರ ಗಣತಿಯಲ್ಲಿ 26,838 ಜಾಗಗಳಲ್ಲಿ ಕ್ಯಾಮೆರಾ ಇಟ್ಟು ಸುಮಾರು 3.48 ಕೋಟಿ ಫೋಟೊ ತೆಗೆಯಲಾಯಿತು. ಅದು ಗಿನ್ನೆಸ್ ದಾಖಲೆಗೂ ಸೇರಿತು. ಆ ಗಣತಿಯಲ್ಲಿ ಕರ್ನಾಟಕದಲ್ಲಿ 524 ಹುಲಿ ಲೆಕ್ಕಕ್ಕೆ ಬಂದವು, 2022ರ ಲೆಕ್ಕದಲ್ಲಿ 563. ಕಾಡಿಗೆ ಕಳ್ಳತನದಿಂದ ಬಂದೂಕು ಹಿಡಿದು ಬರುವವರ ಮುಖವೂ ಇದೇ ಕ್ಯಾಮೆರಾಗಳಲ್ಲಿ ಸಿಕ್ಕಿ, ಕೇಸು ಆಗುವುದುಂಟು.

ಬಂದೂಕಿಗೆ ಬದಲು ಕ್ಯಾಮೆರಾ ಅನ್ನುವ ಮಾತು ನಮ್ಮ ಬಳ್ಳಾರಿ ಸೀಮೆಗೂ ಹೊಸದಲ್ಲ. ಸಂಡೂರು ರಾಜಮನೆತನದ ಎಂ.ವೈ. ಘೋರ್ಪಡೆ ಅವರು ರಾಜ್ಯದ ಹಣಕಾಸು ಮಂತ್ರಿಯಾಗಿದ್ದಷ್ಟೇ ಹೆಸರನ್ನು ಕಪ್ಪು ಬಿಳುಪು ವನ್ಯಜೀವಿ ಫೋಟೊಗಳಿಂದಲೂ ಗಳಿಸಿದ್ದರು.

ಅಮೆರಿಕದ ಜಗಳ ಎಲ್ಲಿಗೆ ಬಂತು?

ಜಿಂಕೆ ಬೇಟೆ ಕಾನೂನುಬದ್ಧವಾಗಿರುವ ಅಮೆರಿಕದಲ್ಲಿ ಎರಡು ಕಡೆಗೂ ಮಾತು ಇದೆ. ಕ್ಯಾಮೆರಾ ಬೇಕು ಅನ್ನುವವರ ವಾದ ಪೂರ್ತಿ ತಳ್ಳಿಹಾಕುವಂಥದ್ದಲ್ಲ. ಮೊದಲೇ ನೋಡಿಕೊಂಡರೆ ಮರಿ ಇರುವ ಹೆಣ್ಣು, ಎಳೆಯ ಗಂಡು ಯಾವುದು ಅಂತ ತಿಳಿಯುತ್ತದೆ, ವಯಸ್ಸಾದದ್ದನ್ನೇ ಆರಿಸಬಹುದು. ಕೆಲಸಕ್ಕೆ ಹೋಗುವವರಿಗೆ ದಿನಗಟ್ಟಲೆ ಕಾಡು ಅಲೆಯೋದಕ್ಕೆ ಆಗುವುದಿಲ್ಲ. ತಮ್ಮ ಜಮೀನಿನಲ್ಲಿ ಎಷ್ಟು ಪ್ರಾಣಿ ಇವೆ ಅಂತಲೂ ಗೊತ್ತಾಗುತ್ತದೆ.

ಬೇಡ ಅನ್ನುವವರು ನೀರಿನ ಕಡೆ ಬೆರಳು ತೋರಿಸುತ್ತಾರೆ. ಅರಿಜೋನಾ ನಮ್ಮ ಬಯಲುಸೀಮೆಗಿಂತಲೂ ಒಣಗಿದ ರಾಜ್ಯ. ಅಲ್ಲಿ ನೀರಿನ ಹೊಂಡಗಳೇ ಕಡಿಮೆ. ಒಂದೊಂದು ಹೊಂಡದ ಸುತ್ತ ಹತ್ತಾರು ಕ್ಯಾಮೆರಾ ಕಟ್ಟಿದರೆ ನೀರು ಕುಡಿಯದೆ ಬದುಕಲಾಗದ ಪ್ರಾಣಿಗೆ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ಕ್ಯಾಮೆರಾ ನೋಡೋದಕ್ಕೆ ದಿನಾ ಬರುವ ಜನರಿಂದಲೂ ಕಾಟ. ಕೊನೆಗೆ 2022ರ ಜನವರಿ 1ರಿಂದ ಅರಿಜೋನಾ ಬೇಟೆಗಾಗಿ ಈ ಕ್ಯಾಮೆರಾ ಬಳಸುವುದನ್ನೇ ನಿಷೇಧಿಸಿತು. ಯೂಟಾ ರಾಜ್ಯ ಅದೇ ವರ್ಷ ಬೇಟೆಯ ತಿಂಗಳುಗಳಲ್ಲಿ ನಿರ್ಬಂಧ ತಂದಿತು. ಬೇಟೆ ಆಡುವವರೇ ಇರುವ ನಾಡಿನಲ್ಲಿ, ಬೇಟೆಗೂ ಒಂದು ಮರ್ಯಾದೆ ಇರಲಿ ಅಂತ ಬಂದ ಕಾನೂನು ಇದು. ಚಾಂಪಿಯನ್ ಮೋಟಾರು ಗಾಡಿಗೆ ಎಳೆದ ಗೆರೆಯೂ ಇದೇ ಜಾಗದಲ್ಲಿತ್ತು.

ನಮ್ಮ ಎರೆ ಹೊಲದ ಮಾತು

ಭಾರತದಲ್ಲಿ ಪ್ರಶ್ನೆ ಅಷ್ಟು ದೂರ ಹೋಗುವುದೇ ಇಲ್ಲ. ಇಲ್ಲಿ ಜಿಂಕೆ ಬೇಟೆಯೇ ಅಪರಾಧ. ಕೃಷ್ಣಮೃಗ, ಅಂದರೆ ಚಿಗರಿ, ಕಾಯ್ದೆಯ 1ನೇ ಪಟ್ಟಿಯಲ್ಲಿದೆ. ಕೊಂದರೆ ಕನಿಷ್ಠ 3 ವರ್ಷದಿಂದ 7 ವರ್ಷದವರೆಗೆ ಜೈಲು, ಜೊತೆಗೆ 25,000 ರೂಪಾಯಿಗೆ ಕಡಿಮೆ ಇಲ್ಲದ ದಂಡ. ಕೊಲ್ಲುವುದಷ್ಟೇ ಬೇಟೆ ಅಂತ ತಿಳಿಯಬಾರದು. ಉರುಲು ಹಾಕುವುದು, ಅಟ್ಟಿಸಿಕೊಂಡು ಹೋಗುವುದು, ಆಮಿಷ ಇಡುವುದು, ಅದಕ್ಕೆ ಪ್ರಯತ್ನ ಪಡುವುದು, ಎಲ್ಲವೂ ಕಾನೂನಿನ ಲೆಕ್ಕದಲ್ಲಿ ಬೇಟೆಯೇ. ಹೊಡೆಯುವ ಉದ್ದೇಶದಿಂದ ಕಟ್ಟಿದ ಕ್ಯಾಮೆರಾದೊಳಗಿನ ಫೋಟೊ ಕೋರ್ಟಿನಲ್ಲಿ ಕಟ್ಟಿದವರಿಗೇ ಸಾಕ್ಷಿಯಾಗಿ ತಿರುಗಬಹುದು.

ಹಾಗಾದರೆ ರೈತ ತನ್ನ ಹೊಲದ ಬದುವಿಗೆ ಕ್ಯಾಮೆರಾ ಕಟ್ಟಬಾರದೇ? ತನ್ನ ಪಟ್ಟಾ ಜಮೀನಿನಲ್ಲಿ ಜೋಳ, ಕಡಲೆ ಮೇಯುವುದು ಹಂದಿಯೋ ಚಿಗರಿಯೋ ಬಿಟ್ಟ ದನವೋ ಅಂತ ನೋಡಿಕೊಳ್ಳುವುದರಲ್ಲಿ ತಪ್ಪಿಲ್ಲ. ಯಾವ ಹೊತ್ತಿಗೆ ಬರುತ್ತವೆ ಅಂತ ಗೊತ್ತಾದರೆ ರಾತ್ರಿಯಿಡೀ ನಿದ್ದೆಗೆಟ್ಟು ಕಾಯುವುದು ತಪ್ಪುತ್ತದೆ. ಬೆಳೆ ಹಾನಿಗೆ ಅರಣ್ಯ ಇಲಾಖೆಗೆ ಅರ್ಜಿ ಕೊಡುವಾಗ ತಾರೀಕು ಇರುವ ಫೋಟೊ ಜೊತೆಗಿದ್ದರೆ ಮಾತಿಗೆ ಬಲ. ಆದರೆ ಅಭಯಾರಣ್ಯದೊಳಗೆ ಹೋಗಿ ಕಟ್ಟುವಂತಿಲ್ಲ. ಅಲ್ಲಿ ಫೋಟೊಗ್ರಫಿಗೂ ಅನುಮತಿ ಬೇಕು.

ಇನ್ನೊಂದು ಎಚ್ಚರ ಸಿರುಗುಪ್ಪ ತಾಲೂಕಿಗೆ ಹೆಚ್ಚು ಸೇರಿದ್ದು. ಕಾಲುವೆ ನೀರಿನ ಭತ್ತದ ಗದ್ದೆಯಿಂದ ಆಚೆ ಹೋದರೆ ಸಿಗುವ ಒಣ ಎರೆ ಭೂಮಿಯಲ್ಲಿ ಎರೆಭೂತ ಹಕ್ಕಿಯ ಕೊನೆಯ ನೆಲೆಗಳಲ್ಲಿ ಒಂದಿದೆ. ಕರ್ನಾಟಕದಲ್ಲಿ ಈ ಹಕ್ಕಿ ಬೆರಳೆಣಿಕೆಗೆ ಇಳಿದಿದೆ. ಇಂಥ ಹಕ್ಕಿಯ ಫೋಟೊ ಹೊಲದ ಹೆಸರು, ಲೊಕೇಶನ್ ಸಮೇತ ವಾಟ್ಸ್‌ಆ್ಯಪ್ ಗುಂಪಿಗೆ ಹೋದರೆ ಅದು ಯಾರ ಮೊಬೈಲಿಗೆ ತಲುಪುತ್ತದೆ ಅಂತ ಹೇಳಲಾಗದು. ನೋಡೋದಕ್ಕೆ ಬರುವವರ ಗದ್ದಲವೇ ಮೊಟ್ಟೆ ಇಡುವ ಹಕ್ಕಿಗೆ ಸಾಕಷ್ಟು ಹಾನಿ. ಕಂಡವರು ಫಾರೆಸ್ಟ್ ಆಫೀಸಿಗೆ ತಿಳಿಸಿ, ಜಾಗದ ಹೆಸರನ್ನು ಅಲ್ಲಿಗೇ ಬಿಡುವುದು ಮೇಲು.

2012ರಲ್ಲಿ ಚಾಂಪಿಯನ್ ಅವರ ಮೊಮ್ಮಗ ಅಜ್ಜನ ಬರಹ, ಚಿತ್ರಗಳನ್ನು ಆಯ್ದು ‘ಟ್ರಿಪ್‌ವೈರ್ ಫಾರ್ ಎ ಟೈಗರ್’ ಎಂಬ ಪುಸ್ತಕ ತಂದರು. ಅದರಿಂದ ಮರೆತುಹೋಗಿದ್ದ ಹೆಸರು ಮತ್ತೆ ಓದುಗರ ಕಣ್ಣಿಗೆ ಬಿತ್ತು. ಅವರು ತಂತಿ ಕಟ್ಟಿದ ದಾರಿಗಳಲ್ಲಿ ಹಾದುಹೋದ ಹುಲಿ, ಚಿರತೆಗಳು ಬೆಳಕಿಗೆ ಒಂದು ಕ್ಷಣ ಬೆಚ್ಚಿ, ಮತ್ತೆ ತಮ್ಮ ದಾರಿ ಹಿಡಿದು ಹೋದವು. ಅದೇ ದಾರಿಯಲ್ಲಿ ಮರುದಿನವೂ ಅವು ನಡೆಯಬಹುದಿತ್ತು.